ಸ್ವರ್ಗ ಬೀದಿಗಿಳಿದಾಗ ಊರು ಎದ್ದು ಕೂತಿತು

ನಾಟಕ ನೋಡಲು ಬರುವ ಪ್ರವಾಸಿಗರನ್ನು ನೆಚ್ಚಿಕೊಂಡ ಊರು. ನಾಟಕಕ್ಕೆ ಟಿಕೆಟ್ಟೇ ಇರಬಾರದು ಎನ್ನುವ ತಂಡ. 1968ರ ಜುಲೈನಲ್ಲಿ ಫ್ರಾನ್ಸಿನ ಅವಿನ್ಯೋನ್‌ನಲ್ಲಿ ಇವೆರಡೂ ಮುಖಾಮುಖಿಯಾದವು. ತಂಡ ಊರು ಬಿಟ್ಟಿತು, ಜಗಳ ಅಲ್ಲೇ ಉಳಿಯಿತು.

1968ರ ಜುಲೈ 24ರ ರಾತ್ರಿ. ಅವಿನ್ಯೋನ್ ಕೋಟೆಯೊಳಗೆ, ಒಂದು ಕಾಲಕ್ಕೆ ಕಾರ್ಮೆಲೈಟ್ ಸನ್ಯಾಸಿಗಳು ಓಡಾಡಿಕೊಂಡಿದ್ದ ಹಳೆಯ ಮಠದ ಅಂಗಳದಲ್ಲಿ ಜನ ಟಿಕೆಟ್ ಕೊಂಡು ಬಂದು ಕೂತಿದ್ದಾರೆ. ಸುತ್ತ ಕಲ್ಲಿನ ಕಮಾನುಗಳು, ತಲೆಯ ಮೇಲೆ ಬೇಸಿಗೆಯ ಬಯಲು ಆಕಾಶ.

ಪರದೆ ಏಳುವುದಿಲ್ಲ, ಪರದೆಯೇ ಇಲ್ಲ. ನಟನಟಿಯರು ಪ್ರೇಕ್ಷಕರ ನಡುವೆ ನುಸುಳಿ ಬರುತ್ತಾರೆ. ವೇಷವಿಲ್ಲ, ಬಣ್ಣವಿಲ್ಲ. ಒಬ್ಬೊಬ್ಬ ಪ್ರೇಕ್ಷಕನ ಮುಂದೆ ನಿಂತು, ಕಣ್ಣಲ್ಲಿ ಕಣ್ಣು ನೆಟ್ಟು, ಈ ಲೋಕ ತಮಗೆ ಏನೇನು ಮಾಡಲು ಬಿಡುವುದಿಲ್ಲ ಎಂಬುದನ್ನು ಹೇಳತೊಡಗುತ್ತಾರೆ. ಪಾಸ್‌ಪೋರ್ಟ್ ಇಲ್ಲದೆ ಗಡಿ ದಾಟುವಂತಿಲ್ಲ. ಕಾಸಿಲ್ಲದೆ ಬದುಕುವಂತಿಲ್ಲ. ಪಿಸುಮಾತಿನಲ್ಲಿ ಶುರುವಾದದ್ದು ಅರಚಾಟಕ್ಕೆ ಏರುತ್ತದೆ. ಮೈಮೇಲಿನ ಬಟ್ಟೆ, ಕಾನೂನು ಎಷ್ಟು ಬಿಡುತ್ತದೋ ಅಷ್ಟರ ಮಟ್ಟಿಗೆ, ಕಳಚಿ ಬೀಳುತ್ತದೆ.

ಹೊರಗೆ ಇನ್ನೊಂದು ಗುಂಪು. ಟಿಕೆಟ್ ಇಲ್ಲದ ಯುವಕರು ಬಾಗಿಲು ಬಡಿಯುತ್ತಿದ್ದಾರೆ, ತಮ್ಮನ್ನೂ ಒಳಗೆ ಬಿಡಿ ಎನ್ನುತ್ತಿದ್ದಾರೆ. ಒಳಗಿದ್ದ ನಟರು ಅವರ ಪರ. ನಡುರಾತ್ರಿ ದಾಟಿದ ಮೇಲೆ ನಾಟಕ ಮುಗಿಯುವುದು ಚಪ್ಪಾಳೆಯಿಂದಲ್ಲ: ನಟರೂ ಪ್ರೇಕ್ಷಕರೂ ಒಟ್ಟಾಗಿ ಕಲ್ಲುಹಾಸಿನ ಕಿರುಬೀದಿಗಳಿಗೆ ನುಗ್ಗುತ್ತಾರೆ. ರಂಗಭೂಮಿ ಇರುವುದು ಬೀದಿಯಲ್ಲಿ ಎಂಬುದೇ ಈ ನಾಟಕದ ಕೊನೆಯ ಮಾತು.

ಆ ಬೀದಿಗಳಲ್ಲಿ ಜನ ಮಲಗಿದ್ದರು.

ನಾಟಕದ ಹೆಸರು 'ಪ್ಯಾರಡೈಸ್ ನೌ'. ಆಡಿದವರು ನ್ಯೂಯಾರ್ಕ್ ಮೂಲದ ಲಿವಿಂಗ್ ಥಿಯೇಟರ್. ಐದು ದಿನ ಕಳೆಯುವುದರೊಳಗೆ ತಂಡ ಉತ್ಸವದಿಂದಲೇ ಹೊರನಡೆಯಿತು. ಪ್ರವಾಸಿ ಪಟ್ಟಣವೊಂದರ ನಿವಾಸಿಗಳಿಗೂ ನಾಟಕ ತಂಡಕ್ಕೂ ನಡೆದ ಜಗಳಗಳಲ್ಲಿ ಇಷ್ಟು ಹೆಸರಾದದ್ದು ಇನ್ನೊಂದು ಸಿಗುವುದು ಕಷ್ಟ.

ಸೈನಿಕರು ಕಟ್ಟಿದ ವೇದಿಕೆ

ಅವಿನ್ಯೋನ್ ಉತ್ಸವ ಶುರುವಾದದ್ದು 1947ರ ಸೆಪ್ಟೆಂಬರ್‌ನಲ್ಲಿ, ಒಂದು ವಾರದ ಕಲಾಮೇಳವಾಗಿ. ಕವಿ ರೆನೆ ಶಾರ್ ಮತ್ತು ಕಲಾವಿಮರ್ಶಕ ಕ್ರಿಸ್ತಿಯಾನ್ ಜೆರ್ವೋಸ್ ಪೋಪರ ಅರಮನೆಯಲ್ಲಿ ಚಿತ್ರಪ್ರದರ್ಶನ ಏರ್ಪಡಿಸಿದ್ದರು. ಅದರ ಜೊತೆಗೆ ಒಂದು ನಾಟಕವೂ ಇರಲಿ ಎಂದು ಜ್ಯಾಂ ವಿಲಾರ್‌ಗೆ ಕರೆ ಹೋಯಿತು. ದಕ್ಷಿಣದ ಕಡಲ ಪಟ್ಟಣ ಸೆತ್‌ನಲ್ಲಿ ಹುಟ್ಟಿದ, ಆಗ 35ರ ಹರೆಯದ ಈ ನಟ-ನಿರ್ದೇಶಕ ಒಂದಲ್ಲ, ಮೂರು ನಾಟಕ ಹೊತ್ತುಕೊಂಡು ಬಂದ. ಅರಮನೆಯ ದೊಡ್ಡ ಅಂಗಳದಲ್ಲಿ ಶೇಕ್ಸ್‌ಪಿಯರನ 'ಎರಡನೆಯ ರಿಚರ್ಡ್' ಆಡಿದ.

ಯುದ್ಧ ಮುಗಿದು ಎರಡು ವರ್ಷವಾಗಿತ್ತು. ಊರಿನ ಮೇಲೆ ಬಿದ್ದ ಬಾಂಬುಗಳ ಗುರುತು ಇನ್ನೂ ಮಾಸಿರಲಿಲ್ಲ. ಆದರೂ ನಗರಸಭೆ ದುಡ್ಡು ಕೊಟ್ಟಿತು, ಅಲ್ಲಿದ್ದ ಸೇನೆಯ ಎಂಜಿನಿಯರಿಂಗ್ ದಳದವರು ವೇದಿಕೆ ಕಟ್ಟಿಕೊಟ್ಟರು. ಆ ವಾರ ಬಂದ ಪ್ರೇಕ್ಷಕರು ಸುಮಾರು 4,800. ಅವರಲ್ಲಿ ಟಿಕೆಟ್ ಕೊಂಡವರು 2,900 ಮಾತ್ರ, ಉಳಿದವರೆಲ್ಲ ಪುಕ್ಕಟೆ. ಇಪ್ಪತ್ತೊಂದು ವರ್ಷದ ಮೇಲೆ 'ಪುಕ್ಕಟೆ ನಾಟಕ'ದ ವಿಚಾರಕ್ಕೇ ಈ ಊರಿನಲ್ಲಿ ದೊಡ್ಡ ಜಗಳವಾಯಿತು ಎಂಬುದನ್ನು ನೆನೆದರೆ ಈ ಲೆಕ್ಕ ತಮಾಷೆಯಾಗಿ ಕಾಣುತ್ತದೆ.

ವಿಲಾರ್‌ನ ಕನಸು ಸರಳವಾಗಿತ್ತು. ನಾಟಕ ಪ್ಯಾರಿಸ್ಸಿನ ಶ್ರೀಮಂತರ ಸಂಜೆಯ ಹವ್ಯಾಸವಾಗಿ ಉಳಿಯಬಾರದು. ನೀರು, ಗ್ಯಾಸ್, ವಿದ್ಯುತ್ತಿನಂತೆ ಎಲ್ಲರ ಮನೆಗೂ ಮುಟ್ಟಬೇಕಾದ ಸಾರ್ವಜನಿಕ ಸೇವೆಯಾಗಬೇಕು. 1951ರಲ್ಲಿ ಆತ ರಾಷ್ಟ್ರೀಯ ಜನತಾ ರಂಗಮಂದಿರದ ಮುಖ್ಯಸ್ಥನಾದ. ಅದೇ ವರ್ಷ ಸಿನಿಮಾ ತಾರೆ ಝೆರಾರ್ ಫಿಲಿಪ್ ಅರಮನೆಯ ಅಂಗಳದಲ್ಲಿ ಬಣ್ಣ ಹಚ್ಚಿದ. ಅಲ್ಲಿಂದ ಉತ್ಸವ ತಿರುಗಿ ನೋಡಲಿಲ್ಲ. ಕಾರ್ಮಿಕ ಸಂಘಗಳು, ಯುವಜನ ಸಂಘಗಳು ಗುಂಪು ಕಟ್ಟಿಕೊಂಡು ಬಂದವು. ಬೇಸಿಗೆ ರಜೆಗೆ ಬಾಗಿಲು ಮುಚ್ಚಿದ ಶಾಲೆಗಳಲ್ಲೇ ಯುವಕರಿಗೆ ವಸತಿ ಸಿಕ್ಕಿತು.

ಊರವರಿಗೂ ಇದು ಒಪ್ಪಿತವಾಗಿತ್ತು. ಹೋಟೆಲುಗಳು ತುಂಬಿದವು, ಕೆಫೆಗಳ ಮೇಜುಗಳು ಚೌಕದ ತುಂಬ ಹರಡಿಕೊಂಡವು. ಒಂದು ಮಾತನ್ನು ಇಲ್ಲಿ ಗಮನಿಸಬೇಕು: 1980ರವರೆಗೂ ಉತ್ಸವ ನಗರಸಭೆಯ ಆಡಳಿತದಲ್ಲೇ ಇತ್ತು. ಅಂದರೆ ಉತ್ಸವದ ಹೊಣೆ ಹೊತ್ತವನೂ ಮೇಯರ್, ರಾತ್ರಿ ಗದ್ದಲವಾಯಿತೆಂದು ದೂರು ಬಂದರೆ ಕೇಳಬೇಕಾದವನೂ ಮೇಯರ್. 1968ರ ಬಿಕ್ಕಟ್ಟಿನ ಅರ್ಧ ಕಾರಣ ಈ ಏರ್ಪಾಟಿನಲ್ಲೇ ಇತ್ತು.

---

ಊರಿನ ಗುರುತು

ಅವಿನ್ಯೋನ್ ಇರುವುದು ರೋನ್ ನದಿಯ ದಂಡೆಯ ಮೇಲೆ. 1309ರಿಂದ 1377ರವರೆಗೆ ಪೋಪರು ರೋಮ್ ಬಿಟ್ಟು ಇಲ್ಲೇ ನೆಲೆಸಿದ್ದರು. ಅವರು ಕಟ್ಟಿಸಿದ ಅರಮನೆ ಯುರೋಪಿನ ಅತಿ ದೊಡ್ಡ ಗಾಥಿಕ್ ಕಟ್ಟಡಗಳಲ್ಲಿ ಒಂದು. ಹಳೆಯ ಊರನ್ನು ಬಳಸಿದ ಕೋಟೆಗೋಡೆಯ ಉದ್ದ ನಾಲ್ಕು ಕಿಲೋಮೀಟರಿಗೂ ಹೆಚ್ಚು. ನದಿಯ ನಡುವೆ ಅರ್ಧಕ್ಕೇ ನಿಂತ ಸಂತ ಬೆನೆಝೆ ಸೇತುವೆ ಪೋಸ್ಟ್‌ಕಾರ್ಡುಗಳಲ್ಲಿ ತಪ್ಪದೇ ಕಾಣುತ್ತದೆ. ಊರು ಫ್ರಾನ್ಸಿಗೆ ಸೇರಿದ್ದು 1791ರಲ್ಲಿ, ಕ್ರಾಂತಿಯ ಕಾಲದಲ್ಲಿ. 1995ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

---

ಬೀಗ ಬಿದ್ದ ತಂಡ

ಲಿವಿಂಗ್ ಥಿಯೇಟರ್ ಹುಟ್ಟಿದ್ದೂ 1947ರಲ್ಲೇ. ಚಿತ್ರಕಾರ ಜೂಲಿಯನ್ ಬೆಕ್ ಮತ್ತು ನಟಿ ಜೂಡಿತ್ ಮಲೀನಾ ಎಂಬ ದಂಪತಿ ನ್ಯೂಯಾರ್ಕಿನಲ್ಲಿ ಕಟ್ಟಿದ ತಂಡವಿದು. ಇಬ್ಬರೂ ಅರಾಜಕತಾವಾದಿಗಳು, ಯುದ್ಧವಿರೋಧಿಗಳು. 1959ರ 'ದಿ ಕನೆಕ್ಷನ್', ನೌಕಾಪಡೆಯ ಸೆರೆಮನೆಯ ಬದುಕನ್ನು ತೋರಿಸಿದ 1963ರ 'ದಿ ಬ್ರಿಗ್' ಅವರಿಗೆ ಹೆಸರು ತಂದವು.

ಅದೇ 1963ರಲ್ಲಿ ತೆರಿಗೆ ಬಾಕಿಯೆಂದು ಸರ್ಕಾರ ಅವರ ರಂಗಮಂದಿರಕ್ಕೆ ಬೀಗ ಜಡಿಯಿತು. ನಟರು ಒಳಗೇ ಕೂತರು. ಪ್ರೇಕ್ಷಕರು ಕಿಟಕಿ ಹತ್ತಿ ಒಳಗಿಳಿದರು. ಕೊನೆಯ ಪ್ರದರ್ಶನ ಹಾಗೇ ನಡೆಯಿತು. ಮರುವರ್ಷ ತಂಡ ಯುರೋಪಿಗೆ ಬಂದು ಅಲೆಮಾರಿಯಾಯಿತು. ಮಕ್ಕಳುಮರಿ ಸಮೇತ, ಗಳಿಸಿದ್ದನ್ನು ಹಂಚಿಕೊಂಡು, ಊರಿಂದ ಊರಿಗೆ. 'ಮಿಸ್ಟರೀಸ್', 'ಫ್ರಾಂಕನ್‌ಸ್ಟೈನ್', ಬ್ರೆಕ್ಟನ 'ಆಂಟಿಗನಿ' — ಯುರೋಪಿನ ಯುವ ರಂಗಕರ್ಮಿಗಳು ಬಾಯಿ ತೆರೆದು ನೋಡಿದ ಪ್ರಯೋಗಗಳಿವು.

ಅವರನ್ನು ಅವಿನ್ಯೋನ್‌ಗೆ ಕರೆದವನು ವಿಲಾರ್. ಉತ್ಸವ ಹಳತಾಗುತ್ತಿದೆ, ಹೊಸ ಗಾಳಿ ಬೇಕು ಎಂದು ಆತನಿಗೆ ಅನಿಸತೊಡಗಿ ಕೆಲವು ವರ್ಷಗಳಾಗಿದ್ದವು. 1966ರಲ್ಲಿ ಮೋರಿಸ್ ಬೆಝಾರ್‌ನ ನೃತ್ಯ ತಂಡ ಅರಮನೆಯ ಅಂಗಳಕ್ಕೆ ಬಂತು. 1967ರಲ್ಲಿ ಗೊದಾರ್‌ನ 'ಲಾ ಶಿನ್ವಾಸ್' ಸಿನಿಮಾ ಅಲ್ಲೇ ಮೊದಲ ಬಾರಿಗೆ ತೆರೆ ಕಂಡಿತು. ಕಾರ್ಮೆಲೈಟರ ಹಳೆಯ ಕಾರ್ಮ್ ಮಠದ ಅಂಗಳವೂ ರಂಗಸ್ಥಳವಾಯಿತು. 1968ಕ್ಕೆ ಲಿವಿಂಗ್ ಥಿಯೇಟರ್ ಹೊಸ ನಾಟಕವೊಂದನ್ನು ಅಲ್ಲೇ ಮೊದಲಿಗೆ ಆಡುವುದೆಂದು ಒಪ್ಪಂದವಾಯಿತು. ಸಿಸಿಲಿಯ ಚೆಫಾಲುವಿನಲ್ಲಿ ಕೂತು ತಂಡ 'ಪ್ಯಾರಡೈಸ್ ನೌ' ಹೆಣೆಯತೊಡಗಿತು.

ಅಷ್ಟರಲ್ಲಿ ಮೇ ಬಂತು.

ಪ್ಯಾರಿಸ್ಸಿನ ಹೊಗೆ ದಕ್ಷಿಣಕ್ಕೆ

1968ರ ಮೇ ತಿಂಗಳ ವಿದ್ಯಾರ್ಥಿ ದಂಗೆ, ಲಕ್ಷಾಂತರ ಕಾರ್ಮಿಕರ ಮುಷ್ಕರ ಫ್ರಾನ್ಸನ್ನು ಅಲುಗಾಡಿಸಿದ ಕತೆ ಎಲ್ಲರಿಗೂ ಗೊತ್ತು. ರಂಗಭೂಮಿಯೂ ಅದರಿಂದ ಹೊರಗಿರಲಿಲ್ಲ. ಮೇ 15ರಂದು ಪ್ಯಾರಿಸ್ಸಿನ ಓದೆಯೋಂ ರಂಗಮಂದಿರವನ್ನು ವಿದ್ಯಾರ್ಥಿಗಳು ವಶ ಮಾಡಿಕೊಂಡರು. ಬೆಕ್ ಮತ್ತು ಮಲೀನಾ ಕೂಡ ಅವರೊಂದಿಗೆ ಇದ್ದರು. ಕಾನ್ ಚಿತ್ರೋತ್ಸವ ಅರ್ಧಕ್ಕೇ ನಿಂತಿತು. ಮುಷ್ಕರದಿಂದ ತಾಲೀಮು ನಡೆಯದೆ ಅವಿನ್ಯೋನ್‌ಗೆ ಬರಬೇಕಿದ್ದ ಫ್ರೆಂಚ್ ನಾಟಕಗಳು ರದ್ದಾದವು. ಉತ್ಸವಕ್ಕೆ ಉಳಿದದ್ದು ಬೆಝಾರ್‌ನ ನೃತ್ಯ, ಲಿವಿಂಗ್ ಥಿಯೇಟರ್‌ನ ನಾಟಕಗಳು ಮತ್ತು ಸಿನಿಮಾ.

ಎಲ್ಲ ನಿಂತಿರುವಾಗ ಅವಿನ್ಯೋನ್ ಮಾತ್ರ ಏಕೆ ನಡೆಯಬೇಕು ಎಂಬ ಪ್ರಶ್ನೆ ಎದ್ದಿತು. ವಿಲಾರ್ ಸರ್ಕಾರಕ್ಕಾಗಿ ಮಾಡುತ್ತಿದ್ದ ಒಪೆರಾ ಸುಧಾರಣೆಯ ಕೆಲಸವನ್ನು ಕೈಬಿಟ್ಟ. ಉತ್ಸವವನ್ನು ಮಾತ್ರ ಬಿಡಲು ಒಪ್ಪಲಿಲ್ಲ. ತನ್ನ ಉತ್ಸವ ಮೊದಲಿನಿಂದಲೂ ಚರ್ಚೆಗೆ ತೆರೆದುಕೊಂಡದ್ದು, ಬಂದು ಮಾತಾಡಿ ಎಂಬ ನಿಲುವು ಅವನದು. ಮಾತಾಡುವವರು ರೈಲು ಹತ್ತಿ ಬಂದೇ ಬಿಟ್ಟರು.

ಇತ್ತ ತಂಡ ಮೇ ತಿಂಗಳಲ್ಲೇ ಊರಿಗೆ ಬಂದಿಳಿದು, ಮಿಸ್ತ್ರಾಲ್ ಹೆಸರಿನ ಶಾಲೆಯಲ್ಲಿ ಬಿಡಾರ ಹೂಡಿತ್ತು. ಪ್ರೊವಾನ್ಸ್ ಸೀಮೆಯ ನುಡಿಗೆ, ಹಳೆಯ ನಡೆನುಡಿಗೆ ಗುಡಿ ಕಟ್ಟಿದ ನೊಬೆಲ್ ವಿಜೇತ ಕವಿ ಫ್ರೆದೆರಿಕ್ ಮಿಸ್ತ್ರಾಲ್. ಅವನ ಹೆಸರಿನ ಶಾಲೆಯಲ್ಲಿ ಉದ್ದ ಕೂದಲಿನ, ಬರಿಗಾಲಿನ, ಮಣಿಸರದ ಅಮೆರಿಕನ್ನರು. ಗಂಡಸರಿಗೂ ಹೆಗಲು ಮುಟ್ಟುವ ಜಡೆ.

ಊರಿನಲ್ಲಿ ಮಾತು ಹಬ್ಬಿತು. ಇವರು ಕೊಳಕರು, ಗಾಂಜಾ ಸೇದುವವರು, ಗಂಡು-ಹೆಣ್ಣೆನ್ನದೆ ಒಟ್ಟಿಗೆ ಮಲಗುವವರು. ಮಕ್ಕಳನ್ನು ಆ ಕಡೆ ಕಳಿಸಬೇಡಿ.

ಹಾಗೆ ಮಾತಾಡಿದವರೆಲ್ಲ ಮೂಢರೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಹಿಂದಿನ ಎರಡು ತಿಂಗಳಲ್ಲಿ ಕೆಲವು ವಾರ ಪೆಟ್ರೋಲ್ ಸಿಕ್ಕಿರಲಿಲ್ಲ, ರೈಲು ಓಡಿರಲಿಲ್ಲ, ಪ್ಯಾರಿಸ್ಸಿನಲ್ಲಿ ಕಾರುಗಳು ಉರಿದದ್ದನ್ನು ಜನ ಚಿತ್ರಗಳಲ್ಲಿ ಕಂಡಿದ್ದರು. ಅದೆಲ್ಲ ಈಗ ತಮ್ಮ ಬೀದಿಗೇ ಬರುತ್ತಿದೆ ಎಂಬ ಅಂಜಿಕೆ ಹುಸಿಯಲ್ಲ. ಬೇಸಿಗೆಯ ಕೆಲವೇ ವಾರಗಳ ವ್ಯಾಪಾರದಲ್ಲಿ ವರ್ಷವನ್ನು ದೂಡುವ ಅಂಗಡಿಯವರಿಗೆ ಆ ಅಂಜಿಕೆ ಇನ್ನಷ್ಟು ಹತ್ತಿರದ್ದು.

ರಾಜಕೀಯವೂ ಬೆರೆಯಿತು. ಮೇಯರ್ ಆಂರಿ ದ್ಯುಫೊ ಸಮಾಜವಾದಿ, 1958ರಿಂದ ಅದೇ ಕುರ್ಚಿಯಲ್ಲಿದ್ದವನು, ಜೊತೆಗೆ ಸಂಸತ್ ಸದಸ್ಯ. ಜೂನ್ ಕೊನೆಯಲ್ಲಿ ಅಧ್ಯಕ್ಷ ದ ಗಾಲ್ ಕರೆದ ಚುನಾವಣೆಯಲ್ಲಿ ದೇಶ ಬಲಕ್ಕೆ ವಾಲಿತು; ದ್ಯುಫೊ ದ ಗಾಲ್ ಪಕ್ಷದ ಜ್ಯಾಂ-ಪಿಯೆರ್ ರೂ ಎದುರು ಸೋತ. ಹೀಗಾಗಿ ಜುಲೈನಲ್ಲಿ ಉತ್ಸವ ಶುರುವಾದಾಗ ಮೇಯರ್ ಆಗಷ್ಟೇ ಪೆಟ್ಟು ತಿಂದವನು. ಊರಿನ ಅಸಮಾಧಾನ ತನ್ನ ಮತಪೆಟ್ಟಿಗೆಯನ್ನೂ ಮುಟ್ಟುತ್ತದೆ ಎಂಬುದು ಅವನಿಗೆ ಕೈ ಸುಟ್ಟು ತಿಳಿದಿತ್ತು.

ನದಿಯಾಚೆಯ ನಿಷೇಧ

ಕಿಡಿ ಹೊತ್ತಿದ್ದು ಲಿವಿಂಗ್ ಥಿಯೇಟರ್‌ನಿಂದಲ್ಲ. ಅವಿನ್ಯೋನ್‌ನ ಹುಡುಗ ಝೆರಾರ್ ಝೆಲಾಸ್ ಹಿಂದಿನ ವರ್ಷವಷ್ಟೇ 'ಶೆನ್ ನ್ವಾರ್' ಎಂಬ ತಂಡ ಕಟ್ಟಿದ್ದ. ನದಿಯಾಚೆಯ ವಿಲ್‌ನವ್‌ನಲ್ಲಿ ತನ್ನದೊಂದು ನಾಟಕ ಆಡಲು ಸಿದ್ಧವಾಗಿದ್ದ. ರೋನ್ ದಾಟಿದರೆ ಜಿಲ್ಲೆ ಬೇರೆ, ಅಧಿಕಾರಿ ಬೇರೆ. ಜುಲೈ 18ರಂದು ಆ ಜಿಲ್ಲೆಯ ಸರ್ಕಾರಿ ಮುಖ್ಯಾಧಿಕಾರಿ, ಪ್ರಿಫೆಕ್ಟ್, ಪ್ರದರ್ಶನವನ್ನು ನಿಷೇಧಿಸಿದ.

ನಿಷೇಧಕ್ಕೂ ವಿಲಾರ್‌ಗೂ ಸಂಬಂಧವಿರಲಿಲ್ಲ. ಆದರೆ ಪ್ಯಾರಿಸ್ಸಿನಿಂದ ಬಂದಿದ್ದ ಚಳವಳಿಗಾರರಿಗೆ ಅದು ಬೇಕಾಗಿದ್ದ ನೆಪವಾಯಿತು. ಪೋಪರ ಅರಮನೆಗೆ ಕೂಗಳತೆಯ ದೂರದ ಗಡಿಯಾರ ಚೌಕದಲ್ಲಿ ಸಭೆ, ಮೆರವಣಿಗೆ, ಗಲಭೆ ಪೊಲೀಸರು. ಕೆಫೆಯಲ್ಲಿ ಕಾಫಿ ಕುಡಿಯುತ್ತಿದ್ದ ಪ್ರವಾಸಿಗರ ಕಣ್ಣೆದುರೇ ಲಾಠಿಗಳು ಆಡಿದವು. ಬೆಝಾರ್ ತನ್ನ ವೇದಿಕೆಯನ್ನೇ ಝೆಲಾಸ್‌ನ ನಟರಿಗೆ ಬಿಟ್ಟುಕೊಟ್ಟ. ಅವರು ಬಾಯಿಗೆ ಬಟ್ಟೆ ಕಟ್ಟಿಕೊಂಡು ಅರಮನೆಯ ಅಂಗಳದಲ್ಲಿ ಮೌನವಾಗಿ ಕಾಣಿಸಿಕೊಂಡರು.

ಅಷ್ಟಾದರೂ ಬೀದಿಯಲ್ಲಿ ಹುಟ್ಟಿದ ಘೋಷಣೆ ಬೆಝಾರ್‌ನನ್ನೂ ಬಿಡಲಿಲ್ಲ: "ವಿಲಾರ್, ಬೆಝಾರ್, ಸಲಜಾರ್!" ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಜಾರ್‌ನ ಸಾಲಿಗೆ ಇಬ್ಬರು ಕಲಾವಿದರು. ಪ್ರಾಸ ಚೆನ್ನಾಗಿತ್ತು, ನ್ಯಾಯವಿರಲಿಲ್ಲ. ಅದರ ಹಿಂದಿನ ತಿಂಗಳಷ್ಟೇ, ಲಿಸ್ಬನ್‌ನಲ್ಲಿ ಪ್ರದರ್ಶನದ ನಂತರ ರಾಬರ್ಟ್ ಕೆನಡಿಯ ಹತ್ಯೆಗೆ ಸಂತಾಪ ಸೂಚಿಸಿ ಸರ್ವಾಧಿಕಾರದ ವಿರುದ್ಧ ಮಾತಾಡಿದ್ದಕ್ಕೆ ಇದೇ ಸಲಜಾರ್ ಸರ್ಕಾರ ಬೆಝಾರ್‌ನನ್ನು ದೇಶದಿಂದ ಹೊರಗಟ್ಟಿತ್ತು. ಉತ್ಸವವನ್ನು 'ಸಂಸ್ಕೃತಿಯ ಸೂಪರ್ ಮಾರ್ಕೆಟ್' ಎಂದು ಕರೆದದ್ದು ಮಾತ್ರ ಅಷ್ಟು ಸುಲಭಕ್ಕೆ ತಳ್ಳಿಹಾಕುವ ಟೀಕೆಯಾಗಿರಲಿಲ್ಲ.

---

'ಪ್ಯಾರಡೈಸ್ ನೌ': ಎಂಟು ಮೆಟ್ಟಿಲು

ನಾಟಕಕ್ಕೆ ಕತೆಯಿಲ್ಲ. ಎಂಟು ಮೆಟ್ಟಿಲುಗಳ ಏಣಿಯಂತೆ ಅದರ ಕಟ್ಟು. ಪ್ರತಿ ಮೆಟ್ಟಿಲಿಗೂ ಮೂರು ಭಾಗ: ನಟರು ನಡೆಸುವ ಒಂದು ವಿಧಿ, ಅವರು ಕಟ್ಟಿ ತೋರಿಸುವ ಒಂದು ದರ್ಶನ, ಪ್ರೇಕ್ಷಕರೇ ಮುಂದಾಗಿ ಮಾಡಬೇಕಾದ ಒಂದು ಕ್ರಿಯೆ. ಯಹೂದಿ ಕಬ್ಬಾಲಾ, ಚೀನಾದ ಐ ಚಿಂಗ್, ನಮ್ಮ ಯೋಗದ ಚಕ್ರಗಳು — ಎಲ್ಲವೂ ಅದರಲ್ಲಿ ಬೆರೆತಿದ್ದವು. ಹಿಂಸೆಯಿಲ್ಲದ ಕ್ರಾಂತಿ ಅದರ ಗುರಿ. ಪ್ರೇಕ್ಷಕರು ಒಪ್ಪಿದರೆ ಆಟ ನಾಲ್ಕೈದು ಗಂಟೆ ಹಿಡಿಯುತ್ತಿತ್ತು. ಒಪ್ಪದಿದ್ದರೂ ಕೆಲವೊಮ್ಮೆ ಅಷ್ಟೇ.

---

ಮೂರು ರಾತ್ರಿ

ಇಂಥ ಬಿಸಿಯಲ್ಲಿ 'ಪ್ಯಾರಡೈಸ್ ನೌ' ರಂಗಕ್ಕೆ ಬಂತು. ಮೊದಲ ರಾತ್ರಿಯೇ ನಾಟಕ ಬೀದಿಗೆ ಹರಿಯಿತು. ಮುಂದಿನ ರಾತ್ರಿಗಳಲ್ಲಿ ಬಾಗಿಲ ಬಳಿಯ ನೂಕಾಟ ಹೆಚ್ಚಿತು. ಟಿಕೆಟ್ ಇಲ್ಲದವರನ್ನೂ ಒಳಗೆ ಬಿಡಿ ಎಂದು ತಂಡ, ಅಂಗಳ ಹಿಡಿಸುವಷ್ಟೇ ಜನ ಎಂದು ಆಡಳಿತ.

ಮಠದ ಸುತ್ತಲಿನ ಮನೆಗಳು ಒತ್ತೊತ್ತಾಗಿ ನಿಂತ ಹಳೆಯ ಮನೆಗಳು. ಬೇಸಿಗೆಯಲ್ಲಿ ಕಿಟಕಿ ತೆರೆದೇ ಮಲಗುವ ಸೀಮೆ ಅದು. ನಡುರಾತ್ರಿಯ ನಂತರ ನೂರಾರು ಕಂಠಗಳು ಬೀದಿಯಲ್ಲಿ ಒಕ್ಕೊರಲಿನಿಂದ ಕೂಗಿದರೆ, ಅದು ಕ್ರಾಂತಿಯೋ ಕುಡುಕರ ಗಲಾಟೆಯೋ ಎಂದು ಮೇಲಿನ ಮಹಡಿಯವರು ವಿಚಾರಿಸುತ್ತ ಕೂರುವುದಿಲ್ಲ. ದೂರುಗಳು ನಗರಸಭೆ ಮುಟ್ಟಿದವು.

ದೂರು ಬರೆಯದವರು ಬೇರೆ ದಾರಿ ಹಿಡಿದರು. ಊರಿನ ಕ್ರೀಡಾಸಂಘಗಳ ಕಟ್ಟುಮಸ್ತಾದ ಹುಡುಗರು ಗುಂಪು ಕಟ್ಟಿಕೊಂಡು ಉದ್ದಗೂದಲಿನವರನ್ನು ಹುಡುಕಿ ಅಟ್ಟಾಡಿಸಿದರು. ಜುಟ್ಟು ಕತ್ತರಿಸುವುದಾಗಿ ಬೆದರಿಸಿದರು. ಊರು ಸ್ವಚ್ಛ ಮಾಡುತ್ತೇವೆ ಎಂಬ ಆವೇಶ ಅದು. ನಟರಾರು, ವಿದ್ಯಾರ್ಥಿಗಳಾರು, ಸುಮ್ಮನೆ ನೋಡಲು ಬಂದ ಪ್ರವಾಸಿಗಳಾರು ಎಂಬ ಭೇದ ಅಲ್ಲಿರಲಿಲ್ಲ. ಕೂದಲು ನೋಡಿ ತೀರ್ಪು. ಅಹಿಂಸೆಯ ನಾಟಕಕ್ಕೆ ಊರು ಕೊಟ್ಟ ಉತ್ತರಗಳಲ್ಲಿ ಅತ್ಯಂತ ನಾಚಿಕೆಗೇಡಿನದು ಇದೇ.

ಮೇಯರ್ ದ್ಯುಫೊ ಮಧ್ಯದ ದಾರಿ ಹುಡುಕಿದ. ತಂಡ ಊರಲ್ಲೇ ಇರಲಿ, 'ಪ್ಯಾರಡೈಸ್ ನೌ' ಬದಲು ಬೇರೆ ನಾಟಕ ಆಡಲಿ ಎಂದ. ಆಡಳಿತದ ಕಣ್ಣಿಗೆ ಇದು ಸೌಮ್ಯವಾದ ಸಲಹೆ. ತಂಡದ ಕಣ್ಣಿಗೆ ಶುದ್ಧ ನಿಷೇಧ.

ಆಡಲು ಬಿಡದ ಆಟ

ಇದೇ ಹೊತ್ತಿಗೆ ಇನ್ನೊಂದು ಘಟನೆ ನಡೆಯಿತು. ಜಗಳದ ನಿಜವಾದ ತಿರುವು ಅದೇ.

ಕೋಟೆಯ ಹೊರಗೆ ಶಾಂಫ್ಲರಿ ಎಂಬ ಬಡಾವಣೆ ಇದೆ. ಕೂಲಿಕಾರರು, ಸಣ್ಣ ಸಂಬಳದವರು ಇದ್ದ ವಸತಿ ಸಮುಚ್ಚಯಗಳು. ಉತ್ಸವದ ಪೋಸ್ಟರುಗಳಾಗಲೀ ಪ್ರವಾಸಿಗರಾಗಲೀ ಅಲ್ಲಿಗೆ ಹೋಗುತ್ತಿರಲಿಲ್ಲ. ಅಲ್ಲಿಗೆ ಹೋಗಿ ಬೀದಿಯಲ್ಲೇ, ಪುಕ್ಕಟೆಯಾಗಿ 'ಮಿಸ್ಟರೀಸ್' ಆಡುತ್ತೇವೆ ಎಂದು ಲಿವಿಂಗ್ ಥಿಯೇಟರ್ ಹೊರಟಿತು. ನಗರಸಭೆ ಅನುಮತಿ ಕೊಡಲಿಲ್ಲ.

ಕೋಟೆಯೊಳಗಿನ ನಡುರಾತ್ರಿಯ ಗದ್ದಲವನ್ನು ತಡೆದದ್ದಕ್ಕೆ ಕಾರಣ ಹೇಳಬಹುದು. ಶಾಂಫ್ಲರಿಯ ನಿಷೇಧಕ್ಕೆ ಅಂಥ ಕಾರಣ ಸಿಗುವುದಿಲ್ಲ. ಅಲ್ಲಿಯವರೆಗೆ ಬೀದಿಯಲ್ಲಿ ಎದುರುಬದುರಾದವರು ಪ್ಯಾರಿಸ್ಸಿನಿಂದ ಬಂದ ಚಳವಳಿಗಾರರು, ಗಲಭೆ ಪೊಲೀಸರು, ಕ್ರೀಡಾಸಂಘದ ಹುಡುಗರು. ನಾಟಕ ತಂಡವೂ ಸಾಮಾನ್ಯ ಊರವರೂ ಮುಖಕ್ಕೆ ಮುಖ ಕೊಟ್ಟು ಕೂರಬಹುದಾಗಿದ್ದ ಒಂದೇ ಸಂಜೆ ಅದಾಗಿತ್ತು. ಜನ ಕಲ್ಲು ಹೊಡೆಯುತ್ತಿದ್ದರೋ, ಚಪ್ಪಾಳೆ ತಟ್ಟುತ್ತಿದ್ದರೋ, ಬೇಸತ್ತು ಎದ್ದು ಹೋಗುತ್ತಿದ್ದರೋ; ನೋಡಿದ ಮೇಲಿನ ಅಭಿಪ್ರಾಯ ಅವರದೇ ಆಗಿರುತ್ತಿತ್ತು.

ಜುಲೈ 28ರಂದು ತಂಡ ಹನ್ನೊಂದು ಅಂಶಗಳ ಹೇಳಿಕೆಯೊಂದನ್ನು ಹೊರಡಿಸಿ ಉತ್ಸವದಿಂದ ಹಿಂದೆ ಸರಿಯಿತು. ಕಲೆಯ ಅರಿವು ದುಡ್ಡು ಕೊಡಬಲ್ಲವರಿಗೆ ಮಾತ್ರ ಸೇರಬೇಕು ಎನ್ನುವವರ ಊಳಿಗ ಇನ್ನು ಸಾಧ್ಯವಿಲ್ಲ ಎಂಬುದು ಅದರ ಸಾರ. ವಿಲಾರ್‌ನ 'ನೀರಿನಂತೆ, ವಿದ್ಯುತ್ತಿನಂತೆ ನಾಟಕ' ಎಂಬ ಮಾತಿಗೆ ಇದು ನೇರ ಸವಾಲು: ನೀರಿಗೂ ವಿದ್ಯುತ್ತಿಗೂ ತಿಂಗಳ ಕೊನೆಗೆ ಬಿಲ್ಲು ಬರುತ್ತದಲ್ಲ!

ತಂಡದ ವಾದದಲ್ಲೂ ತೂತುಗಳಿದ್ದವು. ಟಿಕೆಟ್ ಮಾರುವ ಉತ್ಸವದ ಜೊತೆ ತಿಳಿದೇ ಒಪ್ಪಂದಕ್ಕೆ ರುಜು ಹಾಕಿದ್ದರು. ಸಂಭಾವನೆ, ವಸತಿ ಎರಡೂ ಊರವರ ತೆರಿಗೆಯಿಂದಲೇ ಬರುತ್ತಿದ್ದವು. ಬೀದಿಯನ್ನು ಜನರದೆಂದು ಸಾರಿದ ತಂಡ, ಆ ಬೀದಿಯಲ್ಲೇ ಬಾಳುವೆ ಮಾಡುವ ಜನರನ್ನು ಕೇಳಲಿಲ್ಲ. ಆದರೂ ಶಾಂಫ್ಲರಿಗೆ ಹೋಗುತ್ತೇವೆ ಎಂದವರು ಅವರೊಬ್ಬರೇ.

ಎತ್ತ ಹೋದರೂ ಪೊಲೀಸು

ಅವಿನ್ಯೋನ್ ಬಿಟ್ಟ ಲಿವಿಂಗ್ ಥಿಯೇಟರ್ ಅಮೆರಿಕಕ್ಕೆ ಮರಳಿತು. ಸೆಪ್ಟೆಂಬರ್ 26ರಂದು ಯೇಲ್ ವಿಶ್ವವಿದ್ಯಾಲಯದಲ್ಲಿ 'ಪ್ಯಾರಡೈಸ್ ನೌ' ಮುಗಿಸಿ ಬೀದಿಗಿಳಿದ ಬೆಕ್, ಮಲೀನಾ ಮತ್ತಿತರರನ್ನು ಅಸಭ್ಯ ವರ್ತನೆಯ ಆರೋಪದ ಮೇಲೆ ಪೊಲೀಸರು ಹಿಡಿದರು. ಫ್ರಾನ್ಸಿನ ಸಣ್ಣ ಪಟ್ಟಣದ ಸಂಕುಚಿತ ಬುದ್ಧಿಯೇ ಎಲ್ಲಕ್ಕೂ ಕಾರಣ ಎಂದವರಿಗೆ ಈ ಬಂಧನ ಉತ್ತರ ಹೇಳಿತು.

1971ರಲ್ಲಿ ಇನ್ನೊಂದು ಪ್ರವಾಸಿ ಪಟ್ಟಣ ಎದುರಾಯಿತು: ಬ್ರೆಜಿಲ್‌ನ ಓರೊ ಪ್ರೆತೊ. ಚಿನ್ನದ ಗಣಿಗಳ ಕಾಲದ ಇಗರ್ಜಿಗಳು, ಏರುತಗ್ಗಿನ ಕಲ್ಲುಬೀದಿಗಳು, ಅಲ್ಲೂ ಒಂದು ವಾರ್ಷಿಕ ಕಲಾ ಉತ್ಸವ. ಉತ್ಸವದ ಹೊತ್ತಿಗೇ, ಜುಲೈನಲ್ಲಿ, ಸೇನಾ ಸರ್ಕಾರದ ಪೊಲೀಸರು ಗಾಂಜಾ ಆರೋಪ ಹೊರಿಸಿ ತಂಡವನ್ನು ಸೆರೆಗೆ ಹಾಕಿದರು. ಜಗತ್ತಿನ ಹಲವೆಡೆಯಿಂದ ಪ್ರತಿಭಟನೆ ಬಂದ ಮೇಲೆ ಬಿಡುಗಡೆ ಮಾಡಿ ದೇಶದಿಂದ ಹೊರಹಾಕಿದರು. ಸರ್ವಾಧಿಕಾರದ ಬ್ರೆಜಿಲ್‌ಗೆ ಹೋಲಿಸಿದರೆ ದ್ಯುಫೊ ಬಹಳ ಮೆದುವಾದ ಮೇಯರ್.

ಬೆಕ್ 1985ರಲ್ಲಿ, ಮಲೀನಾ 2015ರಲ್ಲಿ ತೀರಿಕೊಂಡರು. ಅವರ ಪ್ರಭಾವ ಭಾರತಕ್ಕೂ ಬಂತು. ಟಿಕೆಟ್ಟಿಲ್ಲದೆ, ರಂಗಮಂದಿರವಿಲ್ಲದೆ ಬಯಲಲ್ಲಿ ಆಡುವ 'ಮೂರನೆಯ ರಂಗಭೂಮಿ'ಯನ್ನು ಕೋಲ್ಕತ್ತದಲ್ಲಿ ಕಟ್ಟಿದ ಬಾದಲ್ ಸರ್ಕಾರ್ ಈ ಪ್ರಯೋಗಗಳನ್ನು ಹತ್ತಿರದಿಂದ ಬಲ್ಲವರು.

---

ಗಣಿಯಲ್ಲಿ ಮಹಾಭಾರತ

1985ರ ಜುಲೈನಲ್ಲಿ ಪೀಟರ್ ಬ್ರೂಕ್‌ನ 'ಮಹಾಭಾರತ' ಮೊದಲ ಬಾರಿಗೆ ರಂಗಕ್ಕೆ ಬಂದದ್ದು ಇದೇ ಉತ್ಸವದಲ್ಲಿ. ರಂಗರೂಪ ಜ್ಯಾಂ-ಕ್ಲೋದ್ ಕಾರಿಯೇರ್‌ನದು; ದ್ರೌಪದಿ ಮಲ್ಲಿಕಾ ಸಾರಾಭಾಯಿ. ಸುಮಾರು ಒಂಬತ್ತು ಗಂಟೆಯ ಆಟ, ಕೆಲವು ದಿನ ಸಂಜೆಯಿಂದ ಬೆಳಗಿನವರೆಗೆ. ಜಾಗ ಅವಿನ್ಯೋನ್ ಕೋಟೆಯೊಳಗಲ್ಲ, ಊರಾಚೆ ಬುಲ್‌ಬೋಂ ಬಳಿಯ ಕಲ್ಲಿನ ಗಣಿ. ಕುರು-ಪಾಂಡವರು ಇಡೀ ರಾತ್ರಿ ಹೊಡೆದಾಡಿದರೂ ಯಾರ ನಿದ್ದೆಯೂ ಕೆಡಲಿಲ್ಲ.

---

ಊರು ಬೀದಿ ಬಿಟ್ಟುಕೊಟ್ಟ ಬಗೆ

ವಿಲಾರ್‌ಗೆ ಆ ಬೇಸಿಗೆ ತುಂಬಾ ನೋವು ಕೊಟ್ಟಿತು. ಶರತ್ಕಾಲದ ಹೊತ್ತಿಗೆ ಹೃದಯಾಘಾತವಾಯಿತು. ಆದರೂ ಉತ್ಸವ ಬಿಡಲಿಲ್ಲ. 1971ರ ಮೇ ತಿಂಗಳಲ್ಲಿ, 59ರ ವಯಸ್ಸಿಗೆ, ತೀರಿಕೊಂಡ. ಅವನ ನಂತರ ಉತ್ಸವ ನಡೆಸಿದ ಪೋಲ್ ಪ್ಯುಓ ಹೊರಗಿನವನಲ್ಲ, ಊರಿನಲ್ಲೇ ಮೇಷ್ಟರಾಗಿದ್ದವನು.

ಈ ಕತೆಯಲ್ಲಿ ಹೆಚ್ಚು ಮಾತಿಗೆ ಸಿಗದ ಪಾತ್ರವೊಂದಿದೆ: ಊರಿನದೇ ನಾಟಕ ತಂಡಗಳು. ಕಾರ್ಮ್ ಚೌಕದಲ್ಲಿ ಆಂದ್ರೆ ಬೆನೆದೆತ್ತೊ ಸ್ವಂತ ರಂಗಮಂದಿರ ನಡೆಸುತ್ತಿದ್ದ. 1966ರಲ್ಲಿ ಉತ್ಸವದ ಆಹ್ವಾನಕ್ಕೆ ಕಾಯದೆ ಅದೇ ದಿನಗಳಲ್ಲಿ ತನ್ನ ನಾಟಕ ಆಡಿದ. 'ಆಫ್' ಎಂದು ಇಂದು ಕರೆಯುವ ಸಮಾನಾಂತರ ಉತ್ಸವದ ಬೀಜ ಅದು. 1968ರ ನಂತರ ಅದು ಹಬ್ಬಿತು. ಝೆಲಾಸ್‌ನ ತಂಡವೂ ಊರಿನ ಹಳೆಯ ಪ್ರಾರ್ಥನಾ ಮಂದಿರವೊಂದರಲ್ಲಿ ನೆಲೆಯೂರಿತು. ನೆರೆಮನೆಯವರಿಗೆ ಇವರು ಹೆಸರು ಹಿಡಿದು ಕರೆಯುವಷ್ಟು ಪರಿಚಿತರು. ದೂರು ಇದ್ದರೆ ಬಾಗಿಲು ತಟ್ಟಿ ಹೇಳಬಹುದಿತ್ತು.

ಇವತ್ತು 'ಆಫ್'ನಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಪ್ರಯೋಗಗಳು ನಡೆಯುತ್ತವೆ. ಗ್ಯಾರೇಜು, ಶಾಲೆಯ ಕೊಠಡಿ, ಅಂಗಡಿಯ ಹಿಂಭಾಗ, ಎಲ್ಲವೂ ರಂಗಸ್ಥಳ. ವೇಷ ತೊಟ್ಟ ನಟರು ಬೀದಿಯಲ್ಲಿ ಮೆರವಣಿಗೆ ಹೊರಟು, ಹಾಡಿ, ಕುಣಿದು, ಕರಪತ್ರ ಹಂಚುತ್ತಾರೆ. ಬೀದಿದೀಪ, ಕಿಟಕಿ ಸರಳು, ಮರ, ಎಲ್ಲಿ ನೋಡಿದರೂ ಪೋಸ್ಟರು. 1968ರಲ್ಲಿ ಯಾವ ಬೀದಿಗಾಗಿ ಹೊಡೆದಾಟವಾಯಿತೋ ಆ ಬೀದಿ ನಾಟಕದವರ ಕೈಗೇ ಬಂದಿದೆ. ಆದರೆ ಆಟ ಪುಕ್ಕಟೆಯಲ್ಲ. ತಂಡಗಳು ಜಾಗದ ಬಾಡಿಗೆಯನ್ನು ಮುಂಗಡ ಕಟ್ಟಿ, ಮನೆ ಬಾಡಿಗೆಯನ್ನೂ ಕಟ್ಟಿ, ಸಾಲ ಹೊತ್ತು ಆಡುತ್ತವೆ. ಜುಲೈ ತಿಂಗಳಿಗೆ ತಮ್ಮ ಮನೆಯನ್ನೇ ಬಾಡಿಗೆಗೆ ಬಿಟ್ಟು ಬೇರೆಡೆ ಹೋಗುವ ಊರವರೂ ಇದ್ದಾರೆ. ತಂಡಕ್ಕೂ ಊರಿಗೂ ನಡೆದ ಜಗಳದಲ್ಲಿ ಗೆದ್ದವರು ಯಾರೆಂದು ಕೇಳಿದರೆ, ಮನೆ ಮಾಲೀಕರು ಎನ್ನಬೇಕಾಗುತ್ತದೆ.

ಮತ್ತೆ ಮತ್ತೆ

ಉತ್ಸವವಿಲ್ಲದ ಜುಲೈ ಹೇಗಿರುತ್ತದೆ ಎಂಬುದನ್ನು ಊರು 2003ರಲ್ಲಿ ಕಂಡಿತು. ರಂಗಭೂಮಿ ಮತ್ತು ಸಿನಿಮಾದ ತಾತ್ಕಾಲಿಕ ಕೆಲಸಗಾರರ ನಿರುದ್ಯೋಗ ಭತ್ಯೆಯ ನಿಯಮ ಬಿಗಿಯಾದಾಗ ಅವರು ಮುಷ್ಕರ ಹೂಡಿದರು. ಜುಲೈ 10ರಂದು ನಿರ್ದೇಶಕ ಬೆರ್ನಾರ್ ಫೇವ್ರ್ ದಾರ್ಸಿಯೆ ಉತ್ಸವ ರದ್ದಾಯಿತೆಂದು ಘೋಷಿಸಿದ. 1968ರಲ್ಲಿ ನಾಟಕದವರು ಹೋದರೆ ಸಾಕು ಎಂದಿದ್ದ ವ್ಯಾಪಾರಿ ಬೀದಿಗಳು ಈ ಸಲ ಅವರು ಆಡಿದರೆ ಸಾಕು ಎಂದವು.

ಕೋಟೆಯ ಒಳಗೆ-ಹೊರಗಿನ ಬಿರುಕನ್ನು ಮುಚ್ಚುವ ಪ್ರಯತ್ನ ನಡೆದದ್ದು ಇನ್ನೂ ತಡವಾಗಿ. 2013ರಲ್ಲಿ 'ಲಾ ಫ್ಯಾಬ್ರಿಕಾ' ಎಂಬ ತಾಲೀಮು ಮಂದಿರವೂ ಕಲಾವಿದರ ವಸತಿಯೂ ಒಟ್ಟಿಗಿರುವ ಕಟ್ಟಡ ತೆರೆಯಿತು. ಜಾಗ ಕೋಟೆಯ ಹೊರಗೆ, ಮೋಂಕ್ಲಾರ್ ಮತ್ತು ಶಾಂಫ್ಲರಿ ಬಡಾವಣೆಗಳು ಸೇರುವಲ್ಲಿ. ವರ್ಷವಿಡೀ ಅಲ್ಲಿ ಕೆಲಸ ನಡೆಯಬೇಕು, ಸುತ್ತಲಿನ ಶಾಲೆಯ ಮಕ್ಕಳೂ ನಿವಾಸಿಗಳೂ ಒಳಗೆ ಬರಬೇಕು ಎಂಬುದು ಉದ್ದೇಶ. 45 ವರ್ಷ ತಡವಾದರೂ ಉತ್ಸವ ಶಾಂಫ್ಲರಿ ಮುಟ್ಟಿತು.

ಮರುವರ್ಷದ ನಗರಸಭೆ ಚುನಾವಣೆಯಲ್ಲಿ ಜಗಳ ತಲೆಕೆಳಗಾಯಿತು. 2014ರ ಮಾರ್ಚ್‌ನ ಮೊದಲ ಸುತ್ತಿನಲ್ಲಿ ತೀವ್ರ ಬಲಪಂಥದ ನ್ಯಾಷನಲ್ ಫ್ರಂಟ್‌ನ ಅಭ್ಯರ್ಥಿ ಎಲ್ಲರಿಗಿಂತ ಮುಂದಿದ್ದ. ಆ ಪಕ್ಷ ಗೆದ್ದರೆ ತಾನು ಅದರೊಂದಿಗೆ ಕೆಲಸ ಮಾಡುವುದಿಲ್ಲ, ಉತ್ಸವವನ್ನು ಬೇರೆ ಊರಿಗೆ ಒಯ್ಯಬೇಕಾಗುತ್ತದೆ ಎಂದು ನಿರ್ದೇಶಕ ಒಲಿವಿಯೆ ಪಿ ಸಾರಿದ. 1968ರಲ್ಲಿ ಊರಿನ ಹಲವರು ತಂಡಕ್ಕೆ ಹೊರಡು ಎಂದಿದ್ದರು. ಈಗ ಉತ್ಸವವೇ ಊರಿಗೆ, ನೀನು ಹೀಗೆ ಮತ ಹಾಕಿದರೆ ನಾನು ಹೊರಡುತ್ತೇನೆ ಎಂದಿತು. ಕೆಲವರಿಗೆ ಇದು ದಿಟ್ಟತನ. ಇನ್ನು ಕೆಲವರಿಗೆ ಮತದಾರರ ಮೇಲೆ ಹಾಕಿದ ಬೆದರಿಕೆ.

ಎರಡನೆಯ ಸುತ್ತಿನಲ್ಲಿ ಸಮಾಜವಾದಿ ಪಕ್ಷದ ಸೆಸಿಲ್ ಎಲ್ ಗೆದ್ದು ಮೇಯರ್ ಆದರು. ಉತ್ಸವ ಊರಲ್ಲೇ ಉಳಿಯಿತು. ಆ ಜುಲೈನಲ್ಲಿ ಕೆಲವು ಪ್ರದರ್ಶನಗಳು ರದ್ದಾದವು ನಿಜ, ಆದರೆ ಅದಕ್ಕೆ ಕಾರಣ ತಾತ್ಕಾಲಿಕ ಕೆಲಸಗಾರರ ಇನ್ನೊಂದು ಮುಷ್ಕರ ಮತ್ತು ಕೆಟ್ಟ ಮಳೆ.